ಕೆಟ್ಟ ಉದಾಹರಣೆಗೆ ಒಂದು ಮುಖ

ಮುಖ ನೋಡಿ ಮಣೆ ಹಾಕು ಎಂದು ಹಿರಿಯರು ಹೇಳಿ ಹೋಗಿದ್ದಾರೆ. ಮುಖವೇ ಯಾರಿಗೂ ಕಾಣದಿದ್ದರೆ ಮಣೆ ಹಾಕುವವರು ಯಾರು? ನಮ್ಮ ಗುಮಾಸ್ತರ ದುಃಖವೆಲ್ಲ ಇದೊಂದೇ.

ನೀರಿನ ಬಿಲ್ಲು ಕಟ್ಟಿಸಿಕೊಳ್ಳುವ ಕಚೇರಿಯಲ್ಲಿ ಅವರದು ಎರಡನೇ ಕೌಂಟರು. ಎದುರಿಗೆ ಮಸುಕು ಗಾಜು, ಗಾಜಿನ ಬುಡದಲ್ಲಿ ಕೈ ತೂರುವಷ್ಟು ಒಂದು ಕಿಂಡಿ. ಊರಿನ ಜನಕ್ಕೆಲ್ಲ ಅವರ ಬಲಗೈ ಪರಿಚಯ, ಅವರ ದನಿ ಪರಿಚಯ. ಗಾಜಿನಾಚೆ ಯಾರದಾದರೂ ನೆರಳು ಅಡ್ಡ ಬಂದರೆ ಸಾಕು, ಗುಮಾಸ್ತರು ತಲೆ ಎತ್ತದೆ ಕಿಂಡಿಯಿಂದ ಅಂಗೈ ಹೊರಗೆ ಚಾಚಿ, "ಸಾಲಲ್ಲಿ ಬನ್ನಿ. ಹಿಂದೆ ನಿಂತಿರೋರು ಮನುಷ್ಯರಲ್ವಾ?" ಅನ್ನುತ್ತಿದ್ದರು. ನಿದ್ದೆಯಲ್ಲೂ ಅನ್ನುತ್ತಿದ್ದರು ಎಂದು ಅವರ ಹೆಂಡತಿಯ ದೂರು. ಮುಖ ಮಾತ್ರ ಗಾಜಿನ ಹಿಂದೆ ಸುಮ್ಮನೆ ಸವೆಯುತ್ತಿತ್ತು.

ಹಾಗಂತ ಗುಮಾಸ್ತರು ತಾವೆಲ್ಲಾದರೂ ಸಾಲಿನಲ್ಲಿ ನಿಲ್ಲುತ್ತಿದ್ದರೆಂದು ತಿಳಿಯಬೇಡಿ. ಬ್ರೆಡ್ಡಿನ ಅಂಗಡಿಯಿರಲಿ, ಬಸ್ಸಿನ ಬಾಗಿಲಿರಲಿ, ಪಕ್ಕದಿಂದ ಮೊಣಕೈ ತೂರಿಸಿ ಮುಂದೆ ಹೋಗುವುದೇ ಅವರ ಪದ್ಧತಿ. "ಇಡೀ ದಿನ ಸಾಲು ನೋಡ್ಕೊಂಡು ಸಾಕಾಗಿರುತ್ತೆ, ಸಂಜೆನೂ ಅದೇನಾ?" ಎಂದು ಕೇಳುತ್ತಿದ್ದರು. ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಎಂಬ ಗಾದೆಯನ್ನು ಮಾಡಿದವರು ಗುಮಾಸ್ತರನ್ನು ನೋಡಿರಲಿಲ್ಲ, ಅಷ್ಟೇ.

ಆ ವರ್ಷ ಕಚೇರಿಯ ಮೇಲ್ವಿಚಾರಕರು ನಿವೃತ್ತರಾಗುವವರಿದ್ದರು. ಮೇಲ್ವಿಚಾರಕರೆಂದರೆ ಸ್ವಂತ ಕೋಣೆ, ಕೈ ಇರುವ ಕುರ್ಚಿ, ತಲೆಯ ಮೇಲೆ ತನ್ನೊಬ್ಬನಿಗೇ ತಿರುಗುವ ಫ್ಯಾನು. ಎಲ್ಲಕ್ಕಿಂತ ಮಿಗಿಲಾಗಿ ತೆರೆದಿಡಬಹುದಾದ ಬಾಗಿಲು, ಬಾಗಿಲಿನೊಳಗೆ ಎಲ್ಲರಿಗೂ ಕಾಣುವ ಮುಖ. ಆ ಹುದ್ದೆಗೆ ಇಬ್ಬರ ಹೆಸರು ಹೋಗಿತ್ತು. ಒಬ್ಬರು ನಮ್ಮ ಗುಮಾಸ್ತರು, ಇನ್ನೊಬ್ಬರು ಒಂದನೇ ಕೌಂಟರಿನವರು. ಗುಮಾಸ್ತರ ಹೆಂಡತಿಯಂತೂ ಆ ಕೋಣೆಯ ಕಿಟಕಿಗೆ ಪರದೆಯ ಬಟ್ಟೆಯನ್ನು ಆಗಲೇ ತಂದಿಟ್ಟು, ತಾವಿದ್ದ ಕಟ್ಟಡದ ಮಹಡಿ ಮಹಡಿಯ ಮನೆಗಳಿಗೆಲ್ಲ ತೋರಿಸಿ ಬಂದಿದ್ದರು.

ಇಂಥ ಹೊತ್ತಿನಲ್ಲಿ ಒಂದು ಭಾನುವಾರ ನಾದಿನಿ ಬಂದಳು. ಗುಮಾಸ್ತರ ಹೆಂಡತಿಯ ತಂಗಿ ಇವಳು, ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವವಳು. ಒಳ್ಳೆಯ ಮಗು ಹಲ್ಲುಜ್ಜುತ್ತದೆ, ಒಳ್ಳೆಯ ಮಗು ಹಂಚಿ ತಿನ್ನುತ್ತದೆ, ಇತ್ಯಾದಿ ಮೌಲ್ಯಗಳನ್ನು ದಪ್ಪ ರಟ್ಟಿನ ಹಾಳೆಗಳಲ್ಲಿ ಬಣ್ಣ ಬಣ್ಣವಾಗಿ ಬರೆದು, ಅಗಿಯುವ ವಯಸ್ಸಿನ ಮಕ್ಕಳಿಗೆ ಅಗಿಯಲು ಕೊಡುವ ಕೆಲಸ. ಹೆಗಲಲ್ಲಿ ಕ್ಯಾಮೆರಾ ಇತ್ತು.

"ಭಾವ, ಒಂದು ಉಪಕಾರ ಆಗ್ಬೇಕಿತ್ತು. ನಿಮ್ಮ ಮುಖ ಬೇಕು."

ಗುಮಾಸ್ತರು ಓದುತ್ತಿದ್ದ ಪತ್ರಿಕೆ ಕೆಳಗಿಟ್ಟರು. "ನನ್ನ ಮುಖವಾ? ಯಾಕಮ್ಮ?"

"ಹೊಸ ಪುಸ್ತಕಕ್ಕೆ. ನಾನು ಫೋಟೋ ತೆಗೆದು, ಅದನ್ನ ನೋಡ್ಕೊಂಡು ಚಿತ್ರ ಬರೀತೀನಿ. ಮೌಲ್ಯದ ಕಥೆ. ಮೊದ್ಲು ಕಥೆ ಏನು ಅಂತ ಹೇಳ್ಬಿಡ್ತೀನಿ, ಒಪ್ಪಿಗೆ ಆದ್ರೆ—"

ಗುಮಾಸ್ತರು ಅಂಗೈ ಎತ್ತಿದರು. "ಕಥೆ ಬೇಡಮ್ಮ. ಕಥೆ ಗೊತ್ತಾದ್ರೆ ಮುಖದಲ್ಲಿ ಸಹಜತೆ ಹೋಗ್ಬಿಡುತ್ತೆ. ಮುಖ್ಯ ಪಾತ್ರ ನಾನೇ ತಾನೆ?"

"ಪುಸ್ತಕದ ತುಂಬ ನೀವೇ ಭಾವ. ಆದ್ರೆ ಕಥೆ ಒಂದ್ಸಲ—"

"ಸಾಕು. ಐದು ನಿಮಿಷ ಕೊಡು."

ಐದು ನಿಮಿಷದ ನಂತರ ಗುಮಾಸ್ತರು ಮದುವೆಗೆ ಹೊಲಿಸಿದ ಕೋಟು ಹಾಕಿಕೊಂಡು, ಮೀಸೆಗೆ ಎಣ್ಣೆ ಸವರಿಕೊಂಡು ಬಂದರು. ಕೋಟಿನ ಗುಂಡಿ ಮತ್ತು ಕಾಜ ಬೇರೆ ಬೇರೆಯಾಗಿ ಬಹಳ ಕಾಲವಾಗಿತ್ತು. ನಾದಿನಿ ಮನೆಯ ಕುರ್ಚಿಗಳನ್ನು ಸಾಲಾಗಿ ಇಟ್ಟು, "ಈ ಸಾಲಿನ ಮಧ್ಯ ನುಗ್ಗಿ ಭಾವ. ಮೊಣಕೈ ಇನ್ನೂ ಚೂಪಾಗಿ" ಅಂದಳು. ಸಾಲಿನ ಮುಂದೆ ಯಾರೋ ತಲೆ ತಿರುಗಿ ಬಿದ್ದಿದ್ದಾರೆ, ತಾವು ಸಹಾಯಕ್ಕೆ ಓಡುತ್ತಿದ್ದೇವೆ ಎಂದು ಗುಮಾಸ್ತರು ತಾವೇ ಊಹಿಸಿಕೊಂಡು ನುಗ್ಗಿದರು. ಆಮೇಲೆ ಬಿಸ್ಕತ್ತಿನ ಡಬ್ಬಿಯೊಳಗೆ ಕೈ ಹಾಕಿ ಓರೆಗಣ್ಣಿನಿಂದ ಅತ್ತಿತ್ತ ನೋಡಬೇಕಿತ್ತು. ಯಾವ ಬಡಮಗುವಿಗೆ ಇನ್ನೂ ಸಿಕ್ಕಿಲ್ಲ ಎಂದು ಹುಡುಕುವ ನೋಟ ಅದು ಎಂದುಕೊಂಡರು. ಸೋಫಾದ ಮೇಲೆ ಕಾಲು ಚಾಚಿ ಮಲಗಬೇಕಿತ್ತು, ಪಕ್ಕದಲ್ಲಿ ಹೆಂಡತಿ ಚೀಲ ಹಿಡಿದು ಬೆನ್ನು ಬಗ್ಗಿಸಿ ನಿಲ್ಲಬೇಕಿತ್ತು. ದಣಿದ ಸಮಾಜಸೇವಕನ ವಿಶ್ರಾಂತಿ. ಹಣ್ಣಿನ ಸಿಪ್ಪೆಯನ್ನು ಬೆನ್ನ ಹಿಂದಕ್ಕೆ ಎಸೆಯಬೇಕಿತ್ತು. ಹಕ್ಕಿಗಳಿಗೆ ಊಟ.

"ಸ್ವಲ್ಪ ಕಳ್ಳನಗೆ ಬರ್ಲಿ ಭಾವ."

"ಮಂದಹಾಸ ತಾನೆ?"

"ಹೂಂ, ಹಾಗೇ ಅಂದ್ಕೊಳ್ಳಿ."

ಕೊನೆಗೆ ಒಬ್ಬರೇ ಮೂಲೆಯಲ್ಲಿ ಕೂತು ಅಳಬೇಕಿತ್ತು. ಲೋಕದ ಕಷ್ಟ ನೆನೆದು ಅಳುವುದೆಂದು ಗುಮಾಸ್ತರು ತೀರ್ಮಾನಿಸಿದರು. ಲೋಕದ ಕಷ್ಟ ನೆನೆದರೆ ಕಣ್ಣೀರು ಬರಲಿಲ್ಲ. ಹುದ್ದೆ ಒಂದನೇ ಕೌಂಟರಿನವರಿಗೆ ಹೋಯಿತು ಎಂದುಕೊಂಡರು, ಧಾರಾಕಾರವಾಗಿ ಬಂತು.

ಪುಸ್ತಕ ಬರುವಷ್ಟರಲ್ಲಿ ಕಚೇರಿಯ ಕಾವಲುಗಾರನಿಗೂ ಸುದ್ದಿ ತಿಳಿದಿತ್ತು. ಹೆಸರು 'ನಮ್ಮ ಬೀದಿಯ ಮಾಮ'. ದುಂಡು ಮೂಲೆಯ ದಪ್ಪ ರಟ್ಟು, ಮೇಲೆ ಪಾರದರ್ಶಕ ಪ್ಲಾಸ್ಟಿಕ್ಕಿನ ಹೊದಿಕೆ. ಮುಖಪುಟದ ತುಂಬ ಗುಮಾಸ್ತರು, ಕೋಟು ಮೀಸೆ ನಗು ಸಮೇತ. ನಾದಿನಿ ಕಳಿಸಿದ ಪ್ರತಿಗಳು ಸಾಲದೆಂದು ಗುಮಾಸ್ತರು ಸಂಬಳದಲ್ಲಿ ದೊಡ್ಡ ಕಟ್ಟುಗಳನ್ನೇ ತರಿಸಿದರು.

"ಒಂದಾದ್ರೂ ಬಿಚ್ಚಿ ನೋಡಿ ರೀ," ಅಂದರು ಹೆಂಡತಿ.

"ಬಿಚ್ಚಿದ್ರೆ ಹೊಸತನ ಹೋಗುತ್ತೆ ಕಣೇ. ಸಿಪ್ಪೆ ಸುಲಿದ ಹಣ್ಣನ್ನ ಯಾರಾದ್ರೂ ಉಡುಗೊರೆ ಕೊಡ್ತಾರಾ?"

ಪ್ಲಾಸ್ಟಿಕ್ಕಿನ ಮೇಲೆ ಬರೆಯುವ ಮಾರ್ಕರ್ ಪೆನ್ನು ತಂದು, ಒಂದೊಂದರ ಮೇಲೂ ದುಂಡಗೆ ಬರೆದರು: 'ನಿಮ್ಮ ಮಗುವೂ ಹೀಗೇ ಬೆಳೆಯಲಿ ಎಂಬ ಹಾರೈಕೆಯೊಂದಿಗೆ.' ಕೆಳಗೆ ಸಹಿ. ಮಹಡಿಯ ಮನೆಮನೆಗೂ ಒಂದೊಂದು ಹೋಯಿತು. ಬೀದಿ ಕೊನೆಯ ಶಾಲೆಯ ಮುಖ್ಯೋಪಾಧ್ಯಾಯಿನಿಯವರಿಗೆ ಪ್ರತಿ ಮಗುವಿನ ಕೈಗೂ ಸಿಗುವಷ್ಟು ಒಂದು ಕಟ್ಟು. ಕಚೇರಿಯ ಸಾಹೇಬರ ಪುಟ್ಟ ಮಗಳಿಗೆ ಒಂದು. ಹೊಟ್ಟೆ ಉರಿಯಲಿ ಎಂದು ಒಂದನೇ ಕೌಂಟರಿನವರಿಗೂ ಒಂದು.

"ಮಕ್ಕಳು ನನ್ನನ್ನ ನೋಡಿ ಕಲೀಲಿ ಸಾರ್," ಅಂದರು ಸಾಹೇಬರಿಗೆ.

"ಕಲೀಲಿ ಕಲೀಲಿ," ಎಂದು ಸಾಹೇಬರು ನೋಡದೆ ಚೀಲಕ್ಕೆ ಹಾಕಿಕೊಂಡರು.

ಮಕ್ಕಳು ಬೇಗ ಕಲಿತವು. ಮರುದಿನ ಬೆಳಿಗ್ಗೆಯೇ ಕಲಿತಿದ್ದವು.

ಬ್ರೆಡ್ಡಿನ ಅಂಗಡಿಯ ಮುಂದೆ ಎಂದಿನಂತೆ ಸಾಲಿತ್ತು. ಶಾಲೆಗೆ ಹೊರಟ ಮಕ್ಕಳು ತಾಯಂದಿರ ಕೈ ಹಿಡಿದು ನಿಂತಿದ್ದವು. ಗುಮಾಸ್ತರು ಎಂದಿನಂತೆ ಪಕ್ಕದಿಂದ ಮೊಣಕೈ ತೂರಿಸಿದರು. ಆಗ ಸೊಂಟದ ಎತ್ತರದಿಂದ ಒಂದು ದನಿ, ಪಾಠ ಒಪ್ಪಿಸುವ ರಾಗದಲ್ಲಿ, ಎದ್ದಿತು.

"ಮಕ್ಕಳೇ, ಮಾಮ ಏನು ಮಾಡಿದ?"

"ಸರದಿ ತಪ್ಪಿಸಿದ," ಅಂದವು ಉಳಿದ ಮಕ್ಕಳು ಒಂದೇ ಉಸಿರಿನಲ್ಲಿ.

"ನೀವು ಹಾಗೆ ಮಾಡುತ್ತೀರಾ?"

"ಇಲ್ಲ, ಇಲ್ಲ, ಇಲ್ಲ."

ತಾಯಂದಿರು ಸೆರಗು, ಕರ್ಚೀಫು, ಕೈಗೆ ಸಿಕ್ಕಿದ್ದನ್ನು ಬಾಯಿಗೆ ಅಡ್ಡ ಹಿಡಿದರು. ಅಂಗಡಿಯವನು ನಗು ತಡೆಯಲಾರದೆ ಬ್ರೆಡ್ಡಿನ ಗೂಡಿನೊಳಗೆ ತಲೆ ಹಾಕಿದ. ಗುಮಾಸ್ತರು ಬ್ರೆಡ್ಡು ಬಿಟ್ಟು ಮನೆಗೆ ಓಡಿ, ಉಳಿದಿದ್ದ ಒಂದು ಪ್ರತಿಯ ಪ್ಲಾಸ್ಟಿಕ್ಕನ್ನು ಹಲ್ಲಿನಿಂದ ಕಿತ್ತರು.

ಮೊದಲ ಪುಟದಲ್ಲಿ ಮಾಮ ಸಾಲಿನಲ್ಲಿ ನುಗ್ಗುತ್ತಿದ್ದ. ಎರಡನೆಯದರಲ್ಲಿ ಮಕ್ಕಳ ಬಿಸ್ಕತ್ತು ಕದಿಯುತ್ತಿದ್ದ. ಮೂರನೆಯದರಲ್ಲಿ ಬಸ್ಸಿನ ಮೂರು ಸೀಟಿಗೆ ಕಾಲು ಚಾಚಿ ಮಲಗಿದ್ದ, ಪಕ್ಕದಲ್ಲೊಬ್ಬ ಮುದುಕಿ ನಡು ಬಗ್ಗಿಸಿ ನಿಂತಿದ್ದಳು. ಮುಂದೆ ರಸ್ತೆಗೆ ಸಿಪ್ಪೆ ಎಸೆದ, ಕೊಟ್ಟ ಆಟಿಕೆಯನ್ನು ವಾಪಸು ಕಿತ್ತುಕೊಂಡ. ಪ್ರತಿ ಪುಟದ ಕೆಳಗೂ ಅದೇ ಪ್ರಶ್ನೆ, ಅದೇ ಉತ್ತರ. ಕೊನೆಯ ಪುಟದಲ್ಲಿ ಮಾಮ ಮೂಲೆಯಲ್ಲಿ ಕೂತು ಅಳುತ್ತಿದ್ದ. 'ಮಾಮನ ಜೊತೆ ಯಾರೂ ಆಡುವುದಿಲ್ಲ. ಯಾಕೆ?'

ನಾದಿನಿಗೆ ಫೋನು ಹೋಯಿತು.

"ಹೇಳೋಕೆ ಬಂದೆ ಭಾವ. ನೀವೇ ಸಹಜತೆ ಹೋಗುತ್ತೆ ಅಂದ್ರಿ."

"ನನ್ನ ಮಾನ ಹೋಯ್ತಲ್ಲಮ್ಮ."

"ಅಯ್ಯೋ ಭಾವ, ಎರಡನೇ ಮುದ್ರಣಕ್ಕೆ ಹೋಗ್ತಿದೆ. ಪ್ರಕಾಶಕರು ಇಂಥಾ ಮುಖ ಎಲ್ಲಿ ಸಿಕ್ತು ಅಂತ ಕೇಳ್ತಿದಾರೆ."

ಹೆಂಡತಿ ಪುಸ್ತಕವನ್ನು ಇಸಿದುಕೊಂಡು ಪುಟ ಪುಟವನ್ನೂ ನಿಧಾನವಾಗಿ ನೋಡಿದರು. "ಇದರಲ್ಲಿ ಸುಳ್ಳೇನಿದೆ ಅಂತ ಇಷ್ಟು ರಂಪ?" ಅಂದರು. ಮೂರನೆಯ ಪುಟಕ್ಕೆ ಬಂದಾಗ ಮಾತ್ರ ಅವರ ಮುಖ ಕೆಂಪಾಯಿತು. "ಈ ಮುದುಕಿ ಯಾರು? ನಾನಾ? ನನ್ನ ಕೂದಲು ಯಾವಾಗ ಇಷ್ಟು ಬೆಳ್ಳಗಾಯ್ತು? ಕೊಡಿ ಫೋನು." ಅಕ್ಕತಂಗಿಯರ ನಡುವೆ ಆ ಬೆಳಿಗ್ಗೆ ನಡೆದ ಮಾತುಕತೆ ಮಕ್ಕಳ ಪುಸ್ತಕಕ್ಕೆ ತಕ್ಕದ್ದಲ್ಲವಾದ್ದರಿಂದ ಇಲ್ಲಿ ಬಿಟ್ಟಿದ್ದೇವೆ.

ಹಂಚಿದ ಪುಸ್ತಕಗಳನ್ನೆಲ್ಲ ವಾಪಸು ತಂದುಬಿಡುವುದೆಂದು ಗುಮಾಸ್ತರು ನಿಶ್ಚಯಿಸಿದರು. ಮೊದಲು ಎದುರುಮನೆಯ ಬಾಗಿಲು ತಟ್ಟಿದರು. ಆ ಮನೆಯ ಮಗು ಪುಸ್ತಕವನ್ನು ಹೊಟ್ಟೆಗೆ ಅವುಚಿಕೊಂಡು ಹಿಂದೆ ಹಿಂದೆ ಸರಿಯಿತು.

"ಕೊಡು ಪುಟ್ಟಾ, ಬೇರೆ ಒಳ್ಳೇದು ತಂದ್ಕೊಡ್ತೀನಿ."

"ಕೊಟ್ಟಿದ್ದನ್ನ ವಾಪಸ್ ಕೇಳಬಾರ್ದು. ಐದನೇ ಪುಟ," ಅಂದಿತು ಮಗು.

ಮಗುವಿನ ಅಪ್ಪ ನಾಚಿಕೊಂಡು, "ಬೇಜಾರು ಮಾಡ್ಕೋಬೇಡಿ ಸಾರ್. ಚೆನ್ನಾಗಿ ಕಲೀತಿದೆ," ಅಂದರು. ಮೇಲಿನ ಮಹಡಿಯ ಅಜ್ಜಿಯಂತೂ ಗುಮಾಸ್ತರ ಎರಡೂ ಕೈ ಹಿಡಿದುಕೊಂಡರು. "ನೀವು ನಮ್ಮ ಪಾಲಿನ ದೇವರು ಕಣಪ್ಪ. ಮೊಮ್ಮಗ ಊಟ ಮಾಡಲ್ಲ ಅಂತ ಹಠ ಮಾಡಿದ್ರೆ, ಆ ಮಾಮನ ಥರ ಆಗ್ಬಿಡ್ತೀಯ ನೋಡು ಅಂತೀನಿ. ತಟ್ಟೆ ಖಾಲಿ. ಒಂದ್ಸಲ ಒಳಗೆ ಬಂದು ನಿಂತ್ಕೊಳ್ಳಿ, ಹಾಲು ಕುಡಿಸ್ಬೇಕು."

ಗುಮಾಸ್ತರು ಒಳಗೆ ಹೋಗಿ ನಿಂತರು. ಮಗು ಅವರನ್ನೇ ನೋಡುತ್ತ ಹಾಲನ್ನು ಗಟಗಟನೆ ಕುಡಿಯಿತು. ಒಂದು ಪುಸ್ತಕವೂ ಸಿಗಲಿಲ್ಲ. ಅಂದಿನಿಂದ ರಾತ್ರಿ ಊಟದ ಹೊತ್ತಿಗೆ ಎರಡು ಮೂರು ಮನೆಗಳಿಂದ ಕರೆ ಬರತೊಡಗಿತು.

ಹಾಗಾದರೆ ಉಳಿದದ್ದು ಒಂದೇ ದಾರಿ, ಪುಸ್ತಕ ಸುಳ್ಳೆಂದು ನಡತೆಯಿಂದ ತೋರಿಸಿಬಿಡುವುದು. ಗುಮಾಸ್ತರು ಒಳ್ಳೆಯವರಾದರು. ಅಭ್ಯಾಸವಿಲ್ಲದ ಕೆಲಸ ನೋಡಿ, ಅಳತೆ ಗೊತ್ತಾಗಲಿಲ್ಲ. ಬ್ರೆಡ್ಡಿನ ಸಾಲಿನಲ್ಲಿ ಬಂದವರಿಗೆಲ್ಲ "ನೀವು ಮುಂದೆ ಬನ್ನಿ" ಎಂದು ಬಿಟ್ಟುಕೊಟ್ಟು ಬಿಟ್ಟುಕೊಟ್ಟು, ಬ್ರೆಡ್ಡು ಮುಗಿದು ಅಂಗಡಿಯವನು ಬಾಗಿಲು ಹಾಕಿದ. ಲಿಫ್ಟಿನ ಬಾಗಿಲನ್ನು ಬರುವವರಿಗಾಗಿ ಹಿಡಿದು ನಿಂತದ್ದು ಎಷ್ಟು ಹೊತ್ತೆಂದರೆ ಲಿಫ್ಟು ಗುರ್ ಎಂದು ಕೆಟ್ಟು ನಿಂತಿತು, ಮೇಲಿನ ಮಹಡಿಯ ಅಜ್ಜಿ ಮೆಟ್ಟಿಲು ಹತ್ತಬೇಕಾಯಿತು. ಕಚೇರಿಯಲ್ಲಿ ಕಿಂಡಿಯೊಳಗಿಂದ ಪ್ರತಿಯೊಬ್ಬರ ಆರೋಗ್ಯ ವಿಚಾರಿಸಿದರು. ಎರಡನೇ ಕೌಂಟರಿನ ಸಾಲು ಬಾಗಿಲು ದಾಟಿ, ಮೆಟ್ಟಿಲಿಳಿದು, ರಸ್ತೆಗೆ ಹೋಯಿತು. ಜನ ಕೂಗಾಡಿದರು. ಸಾಹೇಬರಿಂದ ಕರೆ ಬಂತು.

ಹುದ್ದೆ ಹೋಯಿತೆಂದೇ ಗುಮಾಸ್ತರು ಒಳಗೆ ಹೋದರು. ಸಾಹೇಬರ ಮೇಜಿನ ಮೇಲೆ 'ನಮ್ಮ ಬೀದಿಯ ಮಾಮ' ಇತ್ತು. ಮೂಲೆಯನ್ನು ಯಾರೋ ಚೆನ್ನಾಗಿ ಅಗಿದಿದ್ದರು.

"ಕೂತ್ಕೊಳ್ಳಿ ಮಾಮ. ಅಂದ್ರೆ, ಕೂತ್ಕೊಳ್ಳಿ. ಮನೇಲಿ ಮಗಳು ಹಾಗೇ ಕರೀತಾಳೆ, ಬಾಯಿಗೆ ಬಂತು."

"ಸಾರ್, ಆ ಪುಸ್ತಕದ್ದು ನನ್ನ ತಪ್ಪಿಲ್ಲ..."

"ತಪ್ಪಾ? ರೀ, ಮೇಲಿನಿಂದ ಆದೇಶ ಬಂದಿದೆ. ಎಲ್ಲಾ ಕಚೇರಿನೂ ಮೌಲ್ಯ ಸಪ್ತಾಹ ಮಾಡ್ಬೇಕಂತೆ. ಒಳ್ಳೆ ಉದಾಹರಣೆಗೆ ಬೇಕಾದಷ್ಟು ಜನ ಇದೀವಿ, ನಾನೇ ಇದೀನಿ. ಕೆಟ್ಟ ಉದಾಹರಣೆಗೆ ಮುಂದೆ ಬರೋರು ಯಾರು? ಮೂರು ದಿನದಿಂದ ತಲೆ ಮೇಲೆ ಕೈ ಹೊತ್ತು ಕೂತಿದ್ದೆ. ನಿನ್ನೆ ಮಗಳು ಈ ಪುಸ್ತಕ ಹಿಡ್ಕೊಂಡು ಬಂದ್ಲು. ಊರೆಲ್ಲ ಹುಡುಕ್ತಿದ್ದ ಮುಖ ನಮ್ಮ ಎರಡನೇ ಕೌಂಟರಲ್ಲೇ ಇದೆ."

ಸಾಹೇಬರು ದನಿ ತಗ್ಗಿಸಿದರು.

"ಕೊನೇ ದಿನ ಶಾಲೇಲಿ ಕಾರ್ಯಕ್ರಮ. ದೊಡ್ಡ ಸಾಹೇಬರು ಬರ್ತಾರೆ. ನೀವು ಸ್ಟೇಜ್ ಮೇಲೆ ಮೊದಲನೇ ಪುಟ, ಎರಡನೇ ಪುಟ ಮಾಡಿ ತೋರಿಸ್ಬೇಕು. ಸಾಲಲ್ಲಿ ನುಗ್ಗೋದು, ಡಬ್ಬಿಗೆ ಕೈ ಹಾಕೋದು. ಅಷ್ಟೇ. ಅವರು ಖುಷಿಯಾದ್ರೆ ಮೇಲ್ವಿಚಾರಕರ ಹುದ್ದೆ ನಿಮ್ಮದು."

ಕೆಟ್ಟವನೆಂದು ಊರಿಗೆಲ್ಲ ತೋರಿಸಿಕೊಂಡರೆ ಹುದ್ದೆ, ಒಳ್ಳೆಯವನಾದರೆ ಲಿಫ್ಟು ಕೆಟ್ಟು ಬೈಗುಳ. ಗುಮಾಸ್ತರು ಒಪ್ಪಿದರು. ಮರುದಿನವೇ ಕಚೇರಿಯ ಗೋಡೆ, ಕಂಬ, ನೀರಿನ ಟ್ಯಾಂಕು, ಕೊನೆಗೆ ಅವರದೇ ಕೌಂಟರಿನ ಮಸುಕು ಗಾಜಿನ ಮೇಲೂ ಅವರ ಮುಖ ಅಂಟಿತು. ಕೆಳಗೆ ದಪ್ಪಕ್ಷರದಲ್ಲಿ 'ಇವರಂತೆ ಆಗಬೇಡಿ'. ಇಷ್ಟು ವರ್ಷ ಮುಖ ಕಾಣಲಿಲ್ಲವೆಂಬ ಕೊರಗು ಹೀಗೆ ತೀರಿತು.

ಇದನ್ನು ಕಂಡು ನಿಜಕ್ಕೂ ನೊಂದವರು ಒಂದನೇ ಕೌಂಟರಿನವರು. ಅವರು ಸಾಹೇಬರ ಬಳಿ ಹೋಗಿ ಕಣ್ಣಲ್ಲಿ ನೀರು ತಂದುಕೊಂಡರು.

"ಸಾರ್, ಇದು ಅನ್ಯಾಯ. ಅವರು ಬರೀ ಸಾಲಲ್ಲಿ ನುಗ್ಗಿದಾರೆ. ನಾನು ಊಟದ ಹೊತ್ತು ಅಂತ ಬೋರ್ಡು ಹಾಕಿ ಸಂಜೆವರೆಗೆ ಮಲಗಿರೋನು. ಚಿಲ್ಲರೆ ಇಲ್ಲ ಅಂತ ಎಷ್ಟು ಜನನ ವಾಪಸ್ ಕಳಿಸಿದೀನಿ, ಡ್ರಾಯರಲ್ಲಿ ಚಿಲ್ಲರೆ ಇಟ್ಕೊಂಡೇ. ಕೆಟ್ಟ ಉದಾಹರಣೆಗೆ ಅನುಭವ ನೋಡ್ತೀರೋ, ನಾದಿನಿ ನೋಡ್ತೀರೋ?"

"ನಿಮ್ಮ ಅನುಭವ ನನಗೆ ಗೊತ್ತಿಲ್ವಾ?" ಅಂದರು ಸಾಹೇಬರು ಸಮಾಧಾನ ಮಾಡುತ್ತ. "ಆದ್ರೆ ನಿಮ್ಮ ಪುಸ್ತಕ ಇಲ್ವಲ್ಲ."

ಕಾರ್ಯಕ್ರಮದ ದಿನ ಶಾಲೆಯ ಸಭಾಂಗಣ ಕಿಕ್ಕಿರಿದಿತ್ತು. ಮಕ್ಕಳು ಬೆಳಿಗ್ಗೆಯಿಂದ ಕೈಕಟ್ಟಿ ಕೂತಿದ್ದವು. ತಂದೆತಾಯಂದಿರು ತಂತಮ್ಮ ಮಕ್ಕಳ ಫೋಟೋ ತೆಗೆಯಲು ಒಬ್ಬರನ್ನೊಬ್ಬರು ತಳ್ಳಿಕೊಂಡು ಮುಂದೆ ಬರುತ್ತಿದ್ದರು. ಸರದಿಯ ಮಹತ್ವದ ಬಗ್ಗೆ ಮಾತಾಡಬೇಕಿದ್ದ ಇಬ್ಬರು ಅತಿಥಿಗಳಿಗೆ ಯಾರು ಮೊದಲು ಮಾತಾಡಬೇಕೆಂದು ಮನಸ್ತಾಪವಾಗಿತ್ತು. ನಾದಿನಿ ಒಂದು ಮೂಲೆಯಲ್ಲಿ ಹಾಳೆ ಪೆನ್ಸಿಲ್ಲು ಹಿಡಿದು ಕೂತಿದ್ದಳು. ದೊಡ್ಡ ಸಾಹೇಬರು, ದೊಡ್ಡವರು ಬರುವ ಹೊತ್ತಿಗೆ, ಅಂದರೆ ಮಕ್ಕಳೆಲ್ಲ ಹಸಿದು ಒರಗಿದ ಮೇಲೆ, ಬಂದರು. ಅವರಿಗೆ ಇನ್ನೊಂದು ಕಡೆ ಸಮಯಪಾಲನೆಯ ಬಗ್ಗೆ ಭಾಷಣವಿತ್ತು, ಆಗಲೇ ತಡವಾಗಿತ್ತು.

ವೇದಿಕೆಯ ಮೇಲೆ ಮೇಜು, ಮೇಜಿನ ಮೇಲೆ ಬಿಸ್ಕತ್ತಿನ ಡಬ್ಬಿ, ಡಬ್ಬಿಯ ಮುಂದೆ ಮಕ್ಕಳ ಸಾಲು. ಕೋಟು ಹಾಕಿದ ಗುಮಾಸ್ತರು ಪಕ್ಕದಿಂದ ಬಂದು ಮೊಣಕೈ ಚೂಪು ಮಾಡಿ ನುಗ್ಗಿದರು. ಬಹಳ ಚೆನ್ನಾಗಿ ನುಗ್ಗಿದರು, ಜನ ಚಪ್ಪಾಳೆ ಹೊಡೆದರು. ಡಬ್ಬಿಯ ಮುಂದೆ ತಲೆ ತಗ್ಗಿಸಿ ನಿಂತು ಎಡಗೈ ಒಳಗೆ ಹಾಕಿದರು. ಇನ್ನು ಮುಖ್ಯೋಪಾಧ್ಯಾಯಿನಿಯವರು 'ಮಕ್ಕಳೇ' ಅನ್ನಬೇಕು, ಅಷ್ಟರಲ್ಲಿ ದೊಡ್ಡ ಸಾಹೇಬರಿಗೆ ಹೊರಡುವ ಅವಸರವಾಯಿತು. ಹೊರಡುವ ಮೊದಲು ಮಕ್ಕಳ ಜೊತೆ ಒಂದು ಫೋಟೋ ಆಗಲಿ, ಒಂದು ಬಿಸ್ಕತ್ತೂ ಆಗಲಿ ಎಂದು ಸರಸರನೆ ವೇದಿಕೆ ಹತ್ತಿ, ಸಾಲನ್ನು ಬದಿಗೆ ಸರಿಸಿ, ಕ್ಯಾಮೆರಾ ಕಡೆ ನಗುತ್ತ ಡಬ್ಬಿಗೆ ಕೈ ಚಾಚಿದರು.

ಡಬ್ಬಿಯ ಮೇಲೆ ಅಡ್ಡಲಾಗಿ ಒಂದು ನೆರಳು ಬಿತ್ತು.

ಗುಮಾಸ್ತರ ಬಲಗೈ ತಾನಾಗಿ ಎದ್ದಿತು. ಅಂಗೈ ದೊಡ್ಡ ಸಾಹೇಬರ ಎದೆಗೆ ತಾಗಿತು. "ಸಾಲಲ್ಲಿ ಬನ್ನಿ," ಅಂದರು ಗುಮಾಸ್ತರು, ತಲೆ ಎತ್ತದೆ. "ಹಿಂದೆ ನಿಂತಿರೋರು ಮನುಷ್ಯರಲ್ವಾ?"

ಸಾಲಿನ ಮೊದಲಲ್ಲಿದ್ದ ಪುಟ್ಟ ಹುಡುಗಿ, ಸಾಹೇಬರ ಮಗಳು, ದೊಡ್ಡ ಸಾಹೇಬರತ್ತ ಬೆರಳು ತೋರಿಸಿ ರಾಗವಾಗಿ ಕೇಳಿದಳು. "ಮಕ್ಕಳೇ, ಈ ಮಾಮ ಏನು ಮಾಡಿದ?"

"ಸರದಿ ತಪ್ಪಿಸಿದ."

"ನೀವು ಹಾಗೆ ಮಾಡುತ್ತೀರಾ?"

"ಇಲ್ಲ, ಇಲ್ಲ, ಇಲ್ಲ," ಎಂದು ಸಭಾಂಗಣದ ಮಕ್ಕಳೆಲ್ಲ ಹಸಿದ ಹೊಟ್ಟೆಯಿಂದ ಕೂಗಿದವು. ಇದೂ ನಾಟಕದ ಭಾಗವೆಂದು ತಂದೆತಾಯಂದಿರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ದೊಡ್ಡ ಸಾಹೇಬರ ಕೈ ಡಬ್ಬಿಯಲ್ಲೇ ಇತ್ತು, ನಗು ಮುಖದಲ್ಲೇ ಇತ್ತು, ಕಿವಿ ಮಾತ್ರ ಕೆಂಪಗಾಗಿತ್ತು. ಮೂಲೆಯಲ್ಲಿ ನಾದಿನಿಯ ಪೆನ್ಸಿಲ್ಲು ಬಿಡುವಿಲ್ಲದೆ ಓಡುತ್ತಿತ್ತು.

"ಮುಗೀತು," ಅಂದರು ಸಾಹೇಬರು ಮರುದಿನ. "ಒಂದೇ ಒಂದು ಕೆಟ್ಟ ಕೆಲಸ ಒಪ್ಪಿಸಿದ್ದೆ. ಅದನ್ನೂ ನೆಟ್ಟಗೆ ಮಾಡೋಕೆ ಬರಲಿಲ್ಲ ನಿಮಗೆ. ಹುದ್ದೆಗೆ ಒಂದನೇ ಕೌಂಟರಿನವರ ಹೆಸರು ಬರೆದಿದೀನಿ. ಸಂಜೆ ದೊಡ್ಡ ಸಾಹೇಬರ ಸಹಿಗೆ ಹೋಗುತ್ತೆ. ನೀವೂ ಬಂದು ಕಾಲಿಗೆ ಬೀಳೋದಿದ್ರೆ ಬೀಳಿ."

ಗೋಡೆಯಿಂದ ಗುಮಾಸ್ತರ ಮುಖಗಳನ್ನೆಲ್ಲ ಕಿತ್ತರು. ಕೆಟ್ಟ ಉದಾಹರಣೆಯಾಗಲೂ ಯೋಗ್ಯತೆಯಿಲ್ಲದವರೆಂದು ಕಚೇರಿ ಅವರನ್ನು ನೋಡಿತು. ಮನೆಯಲ್ಲಿ ಹೆಂಡತಿ ಪರದೆಯ ಬಟ್ಟೆಯನ್ನು ಮಡಿಸಿ ಪೆಟ್ಟಿಗೆಯ ತಳಕ್ಕೆ ಹಾಕಿದರು. ಗುಮಾಸ್ತರಿಗೆ ಅದರಿಂದ ಬೈಗುಳಕ್ಕಿಂತ ಹೆಚ್ಚು ನೋವಾಯಿತು.

ಅಷ್ಟರಲ್ಲಿ ನಾದಿನಿ ಬಂದಳು. "ಭಾವ, ಸಂಜೆ ದೊಡ್ಡ ಸಾಹೇಬರ ಹತ್ರ ಹೋಗ್ತಿದೀರಂತೆ. ನನ್ನನ್ನೂ ಕರ್ಕೊಂಡು ಹೋಗಿ. ಎಂಥಾ ಮುಖ ಭಾವ ಅದು. ಕೈ ಡಬ್ಬಿಯಲ್ಲಿ, ನಗು ಕ್ಯಾಮೆರಾ ಕಡೆ. ಪ್ರಕಾಶಕರು ಎರಡನೇ ಪುಸ್ತಕ ಕೇಳ್ತಿದಾರೆ, 'ನಮ್ಮ ಊರಿನ ದೊಡ್ಡ ಮಾಮ'. ಅವರ ಒಪ್ಪಿಗೆ ಬೇಕು."

"ಉರಿಯೋ ಬೆಂಕಿಗೆ ತುಪ್ಪ ಸುರೀತೀಯಾ?"

"ಎಲ್ಲಾ ಹೇಳೇ ಕೇಳ್ತೀನಿ ಭಾವ. ನನಗೇನು ಕದ್ದು ಮಾಡೋ ಅಭ್ಯಾಸ ಇಲ್ಲ."

ದೊಡ್ಡ ಸಾಹೇಬರ ಕೋಣೆಯಲ್ಲಿ ಕಡತ ಬಿಚ್ಚಿಕೊಂಡು ಕೂತಿತ್ತು, ಪೆನ್ನೂ ಬಿಚ್ಚಿತ್ತು. ಸಾಹೇಬರು ಪಕ್ಕದಲ್ಲಿ ಬಗ್ಗಿ ನಿಂತಿದ್ದರು. ಗುಮಾಸ್ತರನ್ನು ಕಂಡದ್ದೇ ದೊಡ್ಡ ಸಾಹೇಬರ ಹುಬ್ಬು ಗಂಟಾಯಿತು. ನಾದಿನಿಯೇ ಮೊದಲು ಮಾತಾಡಿದಳು.

"ಸಾರ್, ನಾನು ಮಕ್ಕಳ ಪುಸ್ತಕಕ್ಕೆ ಚಿತ್ರ ಬರೆಯೋಳು. ನಿಮ್ಮ ಮುಖ ಬೇಕಿತ್ತು."

ಹುಬ್ಬಿನ ಗಂಟು ಬಿಚ್ಚಿತು. "ನಂದಾ?"

"ಹೌದು ಸಾರ್. ಮೌಲ್ಯದ ಪುಸ್ತಕ. ಮೊದ್ಲೇ ಕಥೆ ಹೇಳ್ಬಿಡ್ತೀನಿ, ಆಮೇಲೆ—"

ದೊಡ್ಡ ಸಾಹೇಬರು ಅಂಗೈ ಎತ್ತಿದರು. "ಕಥೆ ಬೇಡಮ್ಮ. ಕೇಳಿಬಿಟ್ರೆ ಮುಖ ಕೃತಕ ಆಗ್ಬಿಡುತ್ತೆ. ಮುಖ್ಯ ಪಾತ್ರ ನಂದೇ ಅಲ್ವಾ?"

ಆ ಅಂಗೈಯನ್ನೂ ಆ ಮಾತನ್ನೂ ಗುಮಾಸ್ತರು ಬಲ್ಲರು. ಎಷ್ಟಾದರೂ ಮನುಷ್ಯ, ಒಂದು ಮಾತು ಹೇಳಿಬಿಡೋಣವೆಂದು ಗಂಟಲು ಸರಿಮಾಡಿಕೊಂಡರು. "ಸಾರ್, ಒಂದ್ಸಲ ಕಥೆ ಕೇಳಿದ್ರೆ..."

"ಇವರನ್ನ ಕರ್ಕೊಂಡು ಬಂದಿದ್ದು ನೀವಾ?" ಎಂದು ದೊಡ್ಡ ಸಾಹೇಬರು ಮಧ್ಯದಲ್ಲೇ ಕೇಳಿದರು. ಮೇಜಿನ ಡ್ರಾಯರಿನಿಂದ ಬಾಚಣಿಗೆ ಹೊರಗೆ ಬಂದಿತ್ತು. "ಭಾವ ನಾದಿನಿಯಾ? ಸಂತೋಷ. ನಿನ್ನೆ ಸ್ಟೇಜ್ ಮೇಲೆ ನಮ್ಮಿಬ್ಬರ ದೃಶ್ಯಕ್ಕೇ ಹೆಚ್ಚು ಚಪ್ಪಾಳೆ ಬಂದಿದ್ದು, ಗಮನಿಸಿದ್ರಾ? ಈ ಕಡತ ಯಾವುದ್ರೀ? ಮೇಲ್ವಿಚಾರಕರದ್ದಾ? ಇವರ ಹೆಸರು ಯಾಕಿಲ್ಲ?"

ಸಾಹೇಬರು ತಡವರಿಸಿದರು. ದೊಡ್ಡ ಸಾಹೇಬರು ಒಂದು ಗೆರೆ ಎಳೆದು ಒಂದನೇ ಕೌಂಟರನ್ನು ಹೊಡೆದು ಹಾಕಿ, ಎರಡನೇ ಕೌಂಟರನ್ನು ಬರೆದರು. ಸಹಿಯಾಯಿತು. "ನೀವೇನೋ ಹೇಳೋಕೆ ಹೊರಟಿದ್ರಿ?"

ಗುಮಾಸ್ತರು ಕಡತ ನೋಡಿದರು. ನಾದಿನಿಯನ್ನು ನೋಡಿದರು. ಮಡಿಸಿಟ್ಟ ಪರದೆಯ ಬಟ್ಟೆ ಕಣ್ಣ ಮುಂದೆ ಬಂತು.

"ಏನಿಲ್ಲ ಸಾರ್. ಕೋಟು ಹಾಕ್ಕೊಂಡ್ರೆ ಇನ್ನೂ ಚೆನ್ನಾಗಿ ಬರುತ್ತೆ."

ಪುಸ್ತಕ ಬಂತು. ಊರಿನ ಪ್ರತಿ ಶಾಲೆಯ ಪ್ರತಿ ಮಗುವಿಗೂ ಒಂದು ಎಂದು ದೊಡ್ಡ ಸಾಹೇಬರೇ ಇಲಾಖೆಯ ಖರ್ಚಿನಲ್ಲಿ ತರಿಸಿದರು. ಲಾರಿ ತುಂಬ ಕಟ್ಟುಗಳು, ಪ್ಲಾಸ್ಟಿಕ್ಕಿನ ಹೊದಿಕೆಯೊಂದಿಗೆ. ಯಾರೂ ಬಿಚ್ಚಲಿಲ್ಲ. ಶನಿವಾರ ಇಡೀ ಬೆಳಿಗ್ಗೆ ದೊಡ್ಡ ಸಾಹೇಬರು ಪ್ಲಾಸ್ಟಿಕ್ಕಿನ ಮೇಲೆ ಹಾರೈಕೆ ಬರೆದು ಸಹಿ ಹಾಕಿದರು. ಏನು ಬರೆಯಲಿ ಎಂದು ಕೇಳಿದಾಗ ಒಕ್ಕಣೆ ಹೇಳಿಕೊಟ್ಟವರು ನಮ್ಮ ಗುಮಾಸ್ತರೇ. ಮಾರ್ಕರ್ ಪೆನ್ನೂ ಅವರದೇ.

ಅಂದು ಮಧ್ಯಾಹ್ನ ಹೊಸ ಮೇಲ್ವಿಚಾರಕರು ತಮ್ಮ ಕೋಣೆಯಲ್ಲಿ ಕೈ ಇರುವ ಕುರ್ಚಿಯಲ್ಲಿ ಕೂತಿದ್ದರು. ಬಾಗಿಲು ಪೂರ್ತಿ ತೆರೆದಿತ್ತು, ಮುಖ ಎಲ್ಲರಿಗೂ ಕಾಣುತ್ತಿತ್ತು. ಹೆಂಡತಿ ಕಿಟಕಿಗೆ ಪರದೆ ಹಾಕಲು ಸುತ್ತಿಗೆ ಮೊಳೆ ತಂದಿದ್ದರು.

"ಮೊಳೆ ಬೇಡ ಕಣೇ," ಅಂದರು ಗುಮಾಸ್ತರು. "ಹಾಗೇ ಸುಮ್ನೆ ಸಿಕ್ಕಿಸು, ತೆಗೆಯೋಕೆ ಸುಲಭ."

ಬಾಗಿಲಲ್ಲಿ ಹಾದುಹೋಗುತ್ತಿದ್ದ ಒಂದನೇ ಕೌಂಟರಿನವರು ನಿಂತು ಮೇಲೆ ನೋಡಿದರು. ಫ್ಯಾನು ಬಿರುಗಾಳಿಯಂತೆ ತಿರುಗುತ್ತಿತ್ತು, ಮೇಜಿನ ಮೇಲೆ ಒಂದು ಹಾಳೆ ನಿಲ್ಲುತ್ತಿರಲಿಲ್ಲ.

"ಏನ್ರೀ ಇಷ್ಟು ಜೋರು? ಚಳಿ ಆಗಲ್ವಾ?"

"ಆಗುತ್ತೆ," ಅಂದರು ಗುಮಾಸ್ತರು, ಕೋಟಿನ ಕಾಲರನ್ನು ಕಿವಿಯವರೆಗೆ ಎಳೆದುಕೊಂಡು. "ಸೋಮವಾರ ಮಕ್ಕಳಿಗೆ ಪುಸ್ತಕ ಹಂಚ್ತಾರೆ. ಅಲ್ಲಿವರೆಗೆ ತಿರುಗ್ಲಿ ಬಿಡಿ."